ಸಾವಿರದ ಇನ್ನೂರು ರೂಪಾಯಿಯ ಇಲಿ

ನೀವೂ ಸಾಫ್ಟ್‌ವೇರ್ ಮಂದಿಯಾಗಿದ್ದರೆ ಈ ಕಷ್ಟ ಗೊತ್ತಿರುತ್ತೆ. ಆಫೀಸಿನಲ್ಲಿ ದಿನವಿಡೀ ಬರೆಯೋದು ಕೋಡು. ಊರಿಗೆ ಹೋದರೆ ಮಾತ್ರ ಪ್ರಿಂಟರ್, ಟಿವಿ ರಿಮೋಟು, ಮಾವನ ಮನೆಯ ವೈಫೈ ಎಲ್ಲದಕ್ಕೂ ನಾವೇ ಡಾಕ್ಟರು! ಕುಂದಾಪುರದ ನಮ್ಮನೆಗೆ ಹೋದಾಗೆಲ್ಲ ಇಂಥದ್ದೊಂದು 'ಕೇಸ್' ಕಾದಿರುತ್ತೆ. ಈ ಸಲದ್ದು ಬೈಂದೂರಿನ ಚಿಕ್ಕಿ ಮಗನದ್ದು. ಈಗಷ್ಟೇ ಪಿಯುಸಿ ಮುಗಿಸಿದ ಹುಡುಗ.

"ಅಣ್ಣಾ, ಗೇಮಿಂಗ್ ಮೌಸ್ ಯಾವ್ದ್ ತಕಂಬುದ್? ನನ್ ಹತ್ರ 1,200 ರೂಪಾಯಿ ಇತ್ತ್."

ಆ 1,200 ಅವನ ಅಪ್ಪ ಕೊಟ್ಟಿದ್ದಲ್ಲ. ಏಪ್ರಿಲ್-ಮೇ ಮದುವೆ ಸೀಸನ್ನಿನಲ್ಲಿ ಅಡುಗೆಯವರ ಜೊತೆ ಬಡಿಸೋಕೆ ಹೋಗಿ, ಸಾರಿನ ಬಕೆಟ್ ಹೊತ್ತು ಕೂಡಿಟ್ಟಿದ್ದು. ಬೆಂಗಳೂರಲ್ಲಿ ನಮಗದು ಒಂದು ಸಂಜೆಯ ಪಿಜ್ಜಾ. ಅವನಿಗೆ ಎಷ್ಟೋ ಪಂಕ್ತಿಗಳ ಸೊಂಟನೋವು. 'ಯಾವುದೋ ಒಂದು ತಗೋ ಮಾರಾಯಾ' ಅನ್ನೋಕೆ ಮನಸ್ಸಾಗಲಿಲ್ಲ.

ಅಮ್ಮಮ್ಮನದ್ದು ಬೇರೆಯೇ ಪ್ರಶ್ನೆ: "ಇಲಿಗ್ ದುಡ್ಡ್ ಕೊಡುದಾ? ಅಟ್ಟದ್ ಮೇಲ್ ಬೇಕಾದಷ್ಟ್ ಇತ್ತಲೆ!" ಎಲ್ಲರೂ ನಕ್ಕೆವು, ಚಿಕ್ಕಿ ಮಾತ್ರ ನಗಲಿಲ್ಲ. ಮೊಬೈಲಿನಲ್ಲಿ ರಮ್ಮಿ ಆಡಿ ಸಾಲಕ್ಕೆ ಬಿದ್ದವರ ಕತೆ ಕೇಳಿ ಕೇಳಿ ಅವರಿಗೆ 'ಗೇಮ್' ಅನ್ನೋ ಶಬ್ದವೇ ಭಯ. ಭಯ ಸುಳ್ಳೂ ಅಲ್ಲ. ಆದರೆ ದುಡ್ಡು ಕಟ್ಟಿ ಆಡೋ ಆಟವೇ ಬೇರೆ, ಇವನು ಆಡೋ ವ್ಯಾಲೊರಂಟ್ ತರದ ಗುರಿ ಹಿಡಿಯೋ ಆಟವೇ ಬೇರೆ. 2025ರ ಆಗಸ್ಟ್‌ನಲ್ಲಿ ಪಾರ್ಲಿಮೆಂಟು ಮಾಡಿದ ಕಾನೂನು ಕೂಡ ಇವೆರಡನ್ನು ಬೇರೆ ಮಾಡಿಯೇ ನೋಡಿತು: ಹಣ ಕಟ್ಟುವ ಆನ್‌ಲೈನ್ ಆಟಕ್ಕೆ ನಿಷೇಧ, ಇ-ಸ್ಪೋರ್ಟ್ಸ್‌ಗೆ ಪ್ರೋತ್ಸಾಹ. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಂತೂ ಇ-ಸ್ಪೋರ್ಟ್ಸ್‌ಗೆ ಪದಕವೇ ಇತ್ತು. ನಮ್ಮ ಕಡೆ ಮಗ ಟೆನಿಸ್ ಬಾಲ್ ಟೂರ್ನಮೆಂಟಿಗೆ ಬ್ಯಾಟ್ ಬೇಕು ಅಂದರೆ ಯಾರೂ ಹೆದರೋದಿಲ್ಲ, ಅಲ್ವಾ? ಇದೂ ಒಂದು ಬ್ಯಾಟ್ ಅಂದ್ಕೊಳ್ಳಿ ಚಿಕ್ಕಿ ಅಂದೆ. "ಹ್ಞೂಂ, ಕಾಂಬ" ಅಂದರು.

ಬ್ಯಾಟ್ ತಗೊಳ್ಳೋವಾಗ ನಾವೇನು ಮಾಡ್ತಿದ್ವಿ ಹೇಳಿ? ಸ್ಟಿಕ್ಕರ್ ಓದ್ತಿರಲಿಲ್ಲ, ಎತ್ತಿ ಬೀಸಿ ನೋಡ್ತಿದ್ವಿ. ಮೌಸ್ ವಿಷಯಕ್ಕೆ ಬಂದರೆ ಮಾತ್ರ ಎಲ್ಲರೂ ಸ್ಟಿಕ್ಕರ್ ಓದೋರೇ! ಹುಡುಗ ಕಳಿಸಿದ ಲಿಸ್ಟಿನ ಮೊದಲ ಮೌಸಿನ ಡಬ್ಬದ ಮೇಲೆ 16,000 ಡಿಪಿಐ ಅಂತಿತ್ತು. ಮೌಸ್ ಒಂದು ಇಂಚು ಸರಿದರೆ ಅದು ಕಂಪ್ಯೂಟರಿಗೆ ಎಷ್ಟು ಎಣಿಕೆ ಕಳಿಸುತ್ತೆ ಅನ್ನೋದೇ ಡಿಪಿಐ. ಅವನ ಸ್ಕ್ರೀನಿನ ಅಗಲ 1,920 ಪಿಕ್ಸೆಲ್. ಮಾಮೂಲಿ ಸೆಟ್ಟಿಂಗಿನಲ್ಲಿ 16,000 ಇಟ್ಟರೆ ಕೈ ಮೂರು ಮಿಲಿಮೀಟರ್ ಅಲುಗಿದರೆ ಬಾಣ ಈ ತುದಿಯಿಂದ ಆ ತುದಿಗೆ! ಸೀನಿದರೂ ಸಾಕು. 800 ಇಟ್ಟರೆ ಎರಡೂವರೆ ಇಂಚಿಗೆ ಸ್ವಲ್ಪ ಕಡಿಮೆ ಸರಿಸಬೇಕು, ಗುರಿ ಕೈಯಲ್ಲಿರುತ್ತೆ. ದೊಡ್ಡ ದೊಡ್ಡ ಆಟಗಾರರಲ್ಲೂ ತುಂಬಾ ಜನ 400, 800, 1,600ರಲ್ಲೇ ಆಡೋದು. ಲಾಜಿಟೆಕ್‌ನ ಜಿ102 ಇದೆಯಲ್ಲ, ಅದಕ್ಕೆ ಇರೋದು 8,000. ತೂಕ 85 ಗ್ರಾಂ. ಅದರ ಮೇಲೇ ನನಗೆ ಕಣ್ಣಿತ್ತು, ಆದರೆ ನಾವು ನೋಡಿದ ದಿನ ಇವನ ಬಜೆಟ್ ಮೀರಿತ್ತು.

ಇನ್ನೊಂದು ನಂಬರು ಪೋಲಿಂಗ್ ರೇಟ್. ಮಾಮೂಲಿ ಮೌಸ್ ಸೆಕೆಂಡಿಗೆ 125 ಸಲ, ಅಂದರೆ 8 ಮಿಲಿಸೆಕೆಂಡಿಗೊಮ್ಮೆ ವರದಿ ಒಪ್ಪಿಸುತ್ತೆ. ಗೇಮಿಂಗ್ ಮೌಸ್ 1,000 ಸಲ. ಉಳಿತಾಯ ಹೆಚ್ಚೆಂದರೆ 7 ಮಿಲಿಸೆಕೆಂಡ್. 1,000 ಇದ್ದರೆ ಒಳ್ಳೇದೇ, ಅದಕ್ಕಿಂತ ಮೇಲಿನದ್ದಕ್ಕೆ ದುಡ್ಡು ದಂಡ. ಇವನ ಆಟದಲ್ಲಿ ಪಿಂಗ್ ನೋಡಿದರೆ 60 ಮಿಲಿಸೆಕೆಂಡ್ ಮೇಲೆ, ಜೋರು ಮಳೆ ದಿನ ಕರೆಂಟೇ ಇಲ್ಲ. ಮೌಸಿಂದ ನೆಟ್ ಸರಿಯಾಗೋದಿಲ್ಲ ಅಂತ ಮೊದಲೇ ಹೇಳಿಬಿಟ್ಟೆ.

ಹಾಗಾದರೆ ಎತ್ತಿ ಬೀಸಿ ನೋಡೋದು ಎಲ್ಲಿ? ಬ್ರಹ್ಮಾವರದಲ್ಲಿ ನನ್ನ ಇಂಜಿನಿಯರಿಂಗ್ ಗೆಳೆಯನೊಬ್ಬನಿದ್ದಾನೆ, ಗೇಮಿಂಗ್ ಹುಚ್ಚಿನವನು. ಬೈಂದೂರಿಂದ ಬಸ್ಸಲ್ಲಿ ಬಂದ ತಮ್ಮನ ಜೊತೆ ಕುಂದಾಪುರದಲ್ಲಿ ನಾನೂ ಹತ್ತಿ, ಅವನ ಮನೆಗೆ ಹೋದೆವು. ಹಳೆಯ ನಾಲ್ಕು ಮೌಸ್ ತೆಗೆದಿಟ್ಟ. ಒಂದರ ಬದಿಗೆ ಅಂಟಿಸಿದ್ದ ರಬ್ಬರ್ ನಮ್ಮ ಸೆಕೆಗೆ, ಬೆವರಿಗೆ ಕರಗಿ ಹಲಸಿನ ಮೇಣದ ಹಾಗಾಗಿತ್ತು. ಇನ್ನೊಂದರಲ್ಲಿ ಒಂದು ಸಲ ಒತ್ತಿದರೆ ಎರಡು ಕ್ಲಿಕ್. ಒಳಗಿನ ಸಣ್ಣ ಸ್ವಿಚ್ಚಿನ ಲೋಹದ ಪಟ್ಟಿ ಸವೆದರೆ ಹಾಗಾಗುತ್ತೆ. ಮೂರನೆಯದು ದೊಡ್ಡದು, ಅಂಗೈ ಪೂರ್ತಿ ಊರಿ ಹಿಡಿಯೋರಿಗೆ. ನಮ್ಮ ಹುಡುಗನದ್ದು ಸಣ್ಣ ಕೈ, ಬೆರಳ ತುದಿಯಲ್ಲೇ ಹಿಡಿಯೋ ಅಭ್ಯಾಸ. ನಾಲ್ಕನೆಯ ಸಣ್ಣದನ್ನು ಹಿಡಿದ ಕೂಡಲೇ ಮುಖ ಅರಳಿತು. "ಇದ್ ಸಮ ಆತ್ತ್ ಅಣ್ಣಾ." ಡಬ್ಬದ ಮೇಲಿನ ಯಾವ ನಂಬರೂ ಹೇಳದ ಸಂಗತಿ ಅದು.

ಅಲ್ಲೇ ಲಿಸ್ಟ್ ಬದಲಾಯಿತು: ಸಣ್ಣ ಆಕಾರ, 100 ಗ್ರಾಂ ಒಳಗೆ, ವಯರ್ ಇರೋದು (ಈ ಬೆಲೆಗೆ ವಯರ್‌ಲೆಸ್ ತಗೊಂಡರೆ ದುಡ್ಡೆಲ್ಲ ಅದಕ್ಕೇ ಹೋಗುತ್ತೆ), ಬದಿಗೆ ರಬ್ಬರ್ ಬೇಡ, ಒರಟು ಪ್ಲಾಸ್ಟಿಕ್ ಸಾಕು. ವಾಪಸ್ ಬರುತ್ತಾ ಕುಂದಾಪುರದ ಅಂಗಡಿಯಲ್ಲಿ ಇಂಥದ್ದೇ ಒಂದು 899ಕ್ಕೆ ಸಿಕ್ಕಿತು. ಬಿಲ್ಲು, ಒಂದು ವರ್ಷದ ವಾರಂಟಿ. ಆನ್‌ಲೈನಲ್ಲಿ ಐವತ್ತು ರೂಪಾಯಿ ಕಡಿಮೆಯಿತ್ತು, ಆದರೆ ಡಬಲ್ ಕ್ಲಿಕ್ ಶುರುವಾದರೆ ಬಸ್ ಹತ್ತಿ ಬಂದು ಕೌಂಟರಿನ ಮೇಲಿಡಬಹುದಲ್ಲ! ಚಿಕ್ಕಿ ಮನೆಯ ಟೇಬಲ್ಲಿಗೆ ಗಾಜು ಹಾಸಿದೆ. ಮೌಸಿನ ಹೊಟ್ಟೆಯಲ್ಲಿರೋ ಪುಟ್ಟ ಕ್ಯಾಮರಾ ಕೆಳಗಿನ ಮೇಲ್ಮೈಯ ಚಿತ್ರಗಳನ್ನು ಒಂದಕ್ಕೊಂದು ಹೋಲಿಸಿಯೇ ಚಲನೆ ಲೆಕ್ಕ ಹಾಕೋದು. ಗಾಜಿನ ಮೇಲೆ ಅದಕ್ಕೆ ಏನೂ ಕಾಣೋಲ್ಲ. ಹಾಗಾಗಿ 200ಕ್ಕೆ ಬಟ್ಟೆಯ ಪ್ಯಾಡ್. ಉಳಿದಿದ್ದು 101, ಮುಯ್ಯಿ ಕವರಿಗೆ ಹಾಕೋ ಲೆಕ್ಕ!

ಆ ರಾತ್ರಿ ಫೋನಿನಲ್ಲಿ ಚಿಕ್ಕಿಯೇ ಮಾತಾಡಿದರು. ಹುಡುಗ ಅವರನ್ನು ಪಕ್ಕ ಕೂರಿಸಿಕೊಂಡು, ಎಲ್ಲಿ ಗುರಿ, ಯಾರು ತನ್ನ ಟೀಮು ಎಲ್ಲ ತೋರಿಸಿದನಂತೆ. ಇದರಲ್ಲಿ ದುಡ್ಡು ಕಟ್ಟೋಕೇ ಇಲ್ಲ ಅನ್ನೋದನ್ನೂ. "ನಂಗೊಂದೂ ಅರ್ಥ ಆಯಿಲ್ಲ ಮಗಾ. ಊಟ ಆದ್ ಮೇಲ್ ಒಂದ್ ಗಂಟಿ, ಬಾಗ್ಲ್ ಹಾಕ್ಕಂಬುಕಿಲ್ಲ ಅಂದಿದೆ" ಅಂದರು.

ಯಾವ ಡಬ್ಬದ ಮೇಲೂ ಬರೆಯದ ಸ್ಪೆಸಿಫಿಕೇಶನ್ ಅದು. ನಿಮ್ಮನೆ ಹುಡುಗರೂ ಹೀಗೆ ಕೇಳಿದರೆ ಮೊದಲು ಅವರ ಅಂಗೈ ನೋಡಿ, ಡಬ್ಬ ಆಮೇಲೆ ಓದಿ. ಏನಂತೀರಿ?