ಹಿತ್ತಾಳೆಯ ಬೆನ್ನು, ಉಕ್ಕಿನ ಬಾಯಿ

ಹಳೆಯ ಕ್ಷೌರಕತ್ತಿಗಳನ್ನು ಕೂಡಿಡುವ ಹವ್ಯಾಸಿಗಳು ಯುರೋಪು, ಅಮೆರಿಕಗಳಲ್ಲಿ ಬಹಳ ಮಂದಿ ಇದ್ದಾರೆ. ಅಂಚೆಚೀಟಿ, ನಾಣ್ಯ ಸಂಗ್ರಹಿಸುವವರ ಶ್ರದ್ಧೆಯೇ ಅವರಿಗೂ ಉಂಟು. ವ್ಯತ್ಯಾಸವೆಂದರೆ, ಅವರಲ್ಲಿ ಹಲವರು ನೂರು ವರ್ಷ ಮೀರಿದ ಕತ್ತಿಯನ್ನು ಕಪಾಟಿನಲ್ಲಿಟ್ಟು ನೋಡುವುದಷ್ಟೇ ಅಲ್ಲ, ಅದನ್ನು ಮಸೆದು ದಿನವೂ ಮುಖಕ್ಷೌರ ಮಾಡಿಕೊಳ್ಳುತ್ತಾರೆ. ಇವರೊಳಗೆ ತೀರದ ಒಂದು ತಕರಾರಿದೆ: ‘ಫ್ರೇಮ್‌ಬ್ಯಾಕ್’ ಎಂಬ ಜಾತಿಯ ಕತ್ತಿ ಒಳ್ಳೆಯದೋ, ಕಳಪೆಯೋ? ಕೇಳಲು ಕ್ಷುಲ್ಲಕವೆನಿಸುವ ಈ ಜಗಳದೊಳಗೆ ಲೋಹವಿಜ್ಞಾನವಿದೆ, ರೇಖಾಗಣಿತವಿದೆ, ಮನೆವಾರ್ತೆಗೆ ಒದಗುವ ಒಂದು ಬುದ್ಧಿಮಾತೂ ಇದೆ.

ಸಾಮಾನ್ಯ ಮಡಿಸುವ ಕ್ಷೌರಕತ್ತಿಯಲ್ಲಿ ದಪ್ಪನೆಯ ಬೆನ್ನಿನಿಂದ ಹರಿತವಾದ ಬಾಯಿಯವರೆಗೆ ಇರುವುದು ಒಂದೇ ಉಕ್ಕಿನ ತುಂಡು. ಫ್ರೇಮ್‌ಬ್ಯಾಕ್ ಹಾಗಲ್ಲ. ಇದರ ಬೆನ್ನು ಬೇರೆ, ಬಾಯಿ ಬೇರೆ. ಬೆನ್ನು ಹಿತ್ತಾಳೆಯದೋ ಸಾಮಾನ್ಯ ಉಕ್ಕಿನದೋ ಆಗಿರುತ್ತದೆ. ಅದರ ಉದ್ದಕ್ಕೂ ಸೀಳು ಬಿಟ್ಟು, ಉತ್ತಮ ಉಕ್ಕಿನ ತೆಳುವಾದ ಅಲಗೊಂದನ್ನು ಒಳಗೆ ಬಿಗಿದಿರುತ್ತಾರೆ. ತೆಳ್ಳಗಿನ ಪುಸ್ತಕಕ್ಕೆ ರಟ್ಟಿನ ಬೆನ್ನು ಕಟ್ಟಿದಂತೆ ಎನ್ನಿ.

ಹೀಗೇಕೆ ಮಾಡಿದರು? ಒಳ್ಳೆಯ ಉಕ್ಕು ದುಬಾರಿಯಾಗಿತ್ತು, ಅದಕ್ಕೆ. 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬ ಗಡಿಯಾರ ತಯಾರಕ, ತನ್ನ ಗಡಿಯಾರದ ಸ್ಪ್ರಿಂಗಿಗೆ ಸರಿಯಾದ ಉಕ್ಕು ಸಿಗದೆ ಬೇಸತ್ತು, ಇಂಗ್ಲೆಂಡಿನ ಶೆಫೀಲ್ಡಿನ ಬಳಿ ಮೂಸೆಯಲ್ಲಿ ಉಕ್ಕನ್ನು ಪೂರ್ತಿ ಕರಗಿಸಿ ಎರಕ ಹೊಯ್ಯುವ ವಿಧಾನ ಕಂಡುಹಿಡಿದ. ಆ ಉಕ್ಕು ಕ್ಷೌರಕತ್ತಿಗೆ ಹೇಳಿ ಮಾಡಿಸಿದಂತಿತ್ತು. ಆದರೆ ಅದನ್ನು ಕರಗಿಸಲು ಬೇಕಾದ ಕಾವೂ ಇಂಧನವೂ ಅಪಾರ. ಅಂಥ ಉಕ್ಕನ್ನು ಚರ್ಮಕ್ಕೆ ತಾಗದ ಬೆನ್ನಿಗೇಕೆ ಸುರಿಯಬೇಕು ಎಂಬ ಲೆಕ್ಕಾಚಾರದಿಂದ ಹುಟ್ಟಿದ್ದು ಫ್ರೇಮ್‌ಬ್ಯಾಕ್.

ಮೂಸೆಯ ಉಕ್ಕಿನ ಮಾತು ಬಂದಾಗ ಕನ್ನಡನಾಡನ್ನು ಮರೆಯುವಂತಿಲ್ಲ. ಇಲ್ಲಿ ಅದು ಹಂಟ್ಸ್‌ಮನ್‌ಗಿಂತ ಎಷ್ಟೋ ಶತಮಾನ ಹಿಂದಿನ ವಿದ್ಯೆ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಆ ಕೆಲಸವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ದಕ್ಷಿಣ ಭಾರತದ ಈ ಉಕ್ಕಿಗೆ ಇಂಗ್ಲಿಷರಿಟ್ಟ ‘ವೂಟ್ಜ್’ ಎಂಬ ಹೆಸರು ಕನ್ನಡದ ‘ಉಕ್ಕು’ ಪದದಿಂದಲೇ ಬಂದದ್ದೆಂಬುದು ಹಲವು ವಿದ್ವಾಂಸರ ಅಭಿಪ್ರಾಯ. ಲಂಡನ್ನಿನ ಕತ್ತಿ ತಯಾರಕ ಜೇಮ್ಸ್ ಸ್ಟೋಡಾರ್ಟ್ ಇದನ್ನು ಮೆಚ್ಚಿಕೊಂಡಿದ್ದ. ಆತನೂ ಮೈಕೇಲ್ ಫ್ಯಾರಡೆಯೂ ಜೊತೆಗೂಡಿ ಇದರ ಗುಟ್ಟನ್ನು ಅರಸುತ್ತಾ, ಉಕ್ಕಿಗೆ ಬೇರೆ ಬೇರೆ ಲೋಹಗಳನ್ನು ಬೆರೆಸಿ ನೋಡಿ, 1820 ಮತ್ತು 1822ರಲ್ಲಿ ಪ್ರಬಂಧಗಳನ್ನು ಪ್ರಕಟಿಸಿದರು. ವಿದ್ಯುತ್ತಿನ ಸಂಶೋಧನೆಗಳಿಂದ ಜಗತ್ಪ್ರಸಿದ್ಧನಾದ ಈ ಕಮ್ಮಾರನ ಮಗ, ತಾನು ತಯಾರಿಸಿದ ಮಿಶ್ರಲೋಹದ ಕ್ಷೌರಕತ್ತಿಗಳನ್ನು ಗೆಳೆಯರಿಗೆ ಉಡುಗೊರೆಯಾಗಿ ಕೊಡುತ್ತಿದ್ದನಂತೆ!

ಈಗ ತಕರಾರಿಗೆ ಬರೋಣ. ಫ್ರೇಮ್‌ಬ್ಯಾಕನ್ನು ಒಪ್ಪದವರು ಹೇಳುವುದಿಷ್ಟು: ಇದು ಉಕ್ಕು ಉಳಿಸಲು ಹೂಡಿದ ಉಪಾಯ, ಜಿಪುಣರ ಕತ್ತಿ. ಅಲಗು ತೆಳುವಾದ್ದರಿಂದ ಒರಟು ಗಡ್ಡಕ್ಕೆ ಸಿಕ್ಕಾಗ ಕಂಪಿಸುತ್ತದೆ. ಬೆನ್ನೂ ಅಲಗೂ ಕೂಡುವ ಸಂದಿಯಲ್ಲಿ ಸಾಬೂನಿನ ನೀರು ನಿಂತು ತುಕ್ಕು ಹಿಡಿಯುತ್ತದೆ. ಈ ಕೊನೆಯ ಆಕ್ಷೇಪಣೆಯನ್ನು ರಸಾಯನಶಾಸ್ತ್ರವೂ ಒಪ್ಪುತ್ತದೆ. ಹಿತ್ತಾಳೆ ಮತ್ತು ಉಕ್ಕು ಒಂದನ್ನೊಂದು ತಾಗಿ, ನಡುವೆ ತೇವವೂ ಇದ್ದರೆ ಅಲ್ಲೊಂದು ಪುಟ್ಟ ವಿದ್ಯುತ್ಕೋಶವೇ ಏರ್ಪಡುತ್ತದೆ. ಅದರಲ್ಲಿ ಸವೆಯುವ ಸರದಿ ಉಕ್ಕಿನದು.

ಮೆಚ್ಚುವವರ ವಾದವೂ ಹಗುರವಾದುದಲ್ಲ. ಉಕ್ಕನ್ನು ಹೆಚ್ಚು ಗಡುಸು ಮಾಡಿದಷ್ಟೂ ಹರಿತ ಬಹುದಿನ ನಿಲ್ಲುತ್ತದೆ, ಆದರೆ ಅದು ಪೆಡಸಾಗಿ ಮುರಿಯುವ ಭಯವೂ ಹೆಚ್ಚುತ್ತದೆ. ಬೆನ್ನಿಗೊಂದು ಆಸರೆಯಿದ್ದರೆ ತೆಳುವಾದ, ಗಡುಸಾದ ಅಲಗನ್ನು ಧೈರ್ಯವಾಗಿ ಬಳಸಬಹುದು. ಸ್ವೀಡನ್ನಿನ ಎಸ್ಕಿಲ್‌ಸ್ಟೂನಾ ಪಟ್ಟಣದಲ್ಲಿ ಯೋಹಾನ್ ಎಂಗ್‌ಸ್ಟ್ರಾಮ್ ಹೆಸರಿನಲ್ಲಿ ತಯಾರಾದ ಫ್ರೇಮ್‌ಬ್ಯಾಕ್‌ಗಳನ್ನು ಸಂಗ್ರಾಹಕರು ಇಂದಿಗೂ ಹುಡುಕಿ ಕೊಳ್ಳುವುದು ಇದಕ್ಕಾಗಿಯೇ. ಸ್ವಿಟ್ಜರ್ಲೆಂಡಿನ ಲೆ ಸಾಂಟಿಯೆ ಎಂಬ ಊರಿನ ಲೆಕೂಲ್ಟ್ರ್ ಮನೆತನದವರು ಇನ್ನೂ ಮುಂದೆ ಹೋಗಿ, ಒಂದೇ ಹಿಡಿಗೆ ಹಲವು ಅಲಗುಗಳನ್ನು ಬದಲಿಸಿ ಹಾಕಿಕೊಳ್ಳುವಂತೆ ಪೆಟ್ಟಿಗೆಗಳನ್ನೇ ಮಾಡಿ ಮಾರಿದರು.

ಯಾರ ಮಾತು ಸರಿ? ತೀರ್ಪು ಕೊಡಬೇಕಾದದ್ದು ರೇಖಾಗಣಿತ. ಕ್ಷೌರಕತ್ತಿಯನ್ನು ಮಸೆಯುವಾಗ ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗಿರಬೇಕು. ಆದ್ದರಿಂದ ಹರಿತದ ಕೋನವನ್ನು ನಿರ್ಧರಿಸುವುದು ಮಸೆಯುವವನ ಕೈಯಲ್ಲ, ಬೆನ್ನಿನ ದಪ್ಪ. ಕತ್ತಿಯ ಅಗಲ 18 ಮಿಲಿಮೀಟರ್, ಬೆನ್ನಿನ ದಪ್ಪ 5 ಮಿಲಿಮೀಟರ್ ಇದ್ದರೆ ಕೋನ ಸುಮಾರು 16 ಡಿಗ್ರಿ. ಕ್ಷೌರಕ್ಕೆ ಅದು ಹದವಾದ ಕೋನ. ಅದೇ ಬೆನ್ನಿಗೆ ಕಡಿಮೆ ಅಗಲದ ಅಲಗು ಹಾಕಿ ಒಟ್ಟು ಅಗಲ 15 ಮಿಲಿಮೀಟರಿಗೆ ಇಳಿದರೆ, ಕೋನ ಸುಮಾರು 19 ಡಿಗ್ರಿಗೆ ಏರಿ ಕತ್ತಿ ಕೂದಲನ್ನು ಕೊಯ್ಯುವ ಬದಲು ಜಗ್ಗುತ್ತದೆ. ಹತ್ತನೇ ತರಗತಿಯ ತ್ರಿಕೋನಮಿತಿ ಬಲ್ಲ ಯಾವ ವಿದ್ಯಾರ್ಥಿಯಾದರೂ ಇದನ್ನು ಲೆಕ್ಕ ಹಾಕಿ ನೋಡಬಹುದು. ಇನ್ನು ಹಿತ್ತಾಳೆ ಉಕ್ಕಿಗಿಂತ ಮೆದು. ಬೆನ್ನು ಬೇಗ ಸವೆದರೆ ಕೋನ ಕಿರಿದಾಗಿ ಬಾಯಿ ದುರ್ಬಲವಾಗುತ್ತದೆ. ಹಾಗಾಗಿ ಬೆನ್ನೂ ಬಾಯೂ ಒಂದಕ್ಕೊಂದು ಹೊಂದಿದ ಫ್ರೇಮ್‌ಬ್ಯಾಕ್ ಒಳ್ಳೆಯ ಕತ್ತಿ, ಹೊಂದದಿದ್ದರೆ ಎಷ್ಟೇ ಹೆಸರಾಂತ ಮುದ್ರೆಯಿದ್ದರೂ ಕೆಟ್ಟ ಕತ್ತಿ. ‘ಜಾತಿಗಿಂತ ನೀತಿ ಮೇಲು’ ಎಂಬುದು ಕತ್ತಿಗೂ ಸಲ್ಲುವ ಮಾತು.

ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿಯ ಸೋಲಿಂಗನ್ ಮೊದಲಾದ ಕಡೆಗಳಲ್ಲಿ ಒಂದೇ ತುಂಡು ಉಕ್ಕನ್ನು ಎರಡೂ ಮಗ್ಗುಲಲ್ಲಿ ಆಳವಾಗಿ ಸಾಣೆ ಹಿಡಿದು ತೆಳುವಾಗಿಸುವ ಕುಶಲತೆ ಬೆಳೆಯಿತು. ಉಕ್ಕೂ ಅಗ್ಗವಾಯಿತು. ಫ್ರೇಮ್‌ಬ್ಯಾಕಿನ ಅಗತ್ಯ ಕಡಿಮೆಯಾಯಿತು. ಆದರೆ ಅದರ ಹಿಂದಿನ ಯೋಚನೆ ಸಾಯಲಿಲ್ಲ. ಅಮೆರಿಕದಲ್ಲಿ ಕಿಂಗ್ ಜಿಲೆಟ್ 1903ರಲ್ಲಿ ಮಾರಾಟಕ್ಕೆ ತಂದ ಸೇಫ್ಟಿ ರೇಜರಿನಲ್ಲೂ ಹಿಡಿ ಶಾಶ್ವತ, ಅಲಗು ಮಾತ್ರ ಬದಲಿ. ಇಂದು ಊರಿನ ಸಲೂನಿನಲ್ಲಿ ಕ್ಷೌರಿಕರು ಬ್ಲೇಡನ್ನು ಅರ್ಧ ಮುರಿದು ಸಿಕ್ಕಿಸುವ ಮಡಿಸುಗತ್ತಿಯಲ್ಲೂ ಇರುವುದು ಅದೇ ತತ್ವ. ಗಿರಾಕಿಗೊಂದು ಹೊಸ ಬ್ಲೇಡು ಹಾಕುವುದು ಶೋಕಿಯಲ್ಲ. ಹೆಪಟೈಟಿಸ್ ಬಿ, ಎಚ್.ಐ.ವಿ. ಸೋಂಕುಗಳು ರಕ್ತ ತಾಗಿದ ಅಲಗಿನಿಂದ ಹರಡಬಲ್ಲವು. ಅಜ್ಜನ ಕಾಲದ ಕತ್ತಿ ಅಟ್ಟದ ಮೇಲೆ ಸಿಕ್ಕಿತೆಂದು ಗೆಳೆಯರೆಲ್ಲ ಸೇರಿ ಒಂದರಲ್ಲೇ ಪ್ರಯೋಗ ಮಾಡಲು ಹುಡುಗರು ಖಂಡಿತ ಹೋಗಬಾರದು.

ಫ್ರೇಮ್‌ಬ್ಯಾಕನ್ನು ಜಿಪುಣರ ಕತ್ತಿ ಎಂದು ಹಳಿಯುವವರು ಒಂದು ವಿಷಯ ಮರೆಯುತ್ತಾರೆ. ಜಿಪುಣನು ಎಲ್ಲ ಕಡೆಯೂ ಉಳಿಸುತ್ತಾನೆ. ಇದನ್ನು ಮಾಡಿದವರು ಬೆನ್ನಿನಲ್ಲಿ ಉಳಿಸಿದ್ದನ್ನು ಬಾಯಿಗೆ ಸುರಿದರು. ಜೂನ್ ತಿಂಗಳು ಬಂತೆಂದರೆ ಎಷ್ಟೋ ಮನೆಗಳಲ್ಲಿ ಇದಕ್ಕೆ ತಿರುಗುಮುರುಗಾದ ವ್ಯವಹಾರ ನಡೆಯುತ್ತದೆ. ಸಾವಿರಾರು ರೂಪಾಯಿಯ ಚೀಲ, ಬೂಟು, ಮನೆಪಾಠದ ಮುಂಗಡಕ್ಕಾಗಿ ತಂದೆ ಸಾಲ ಮಾಡುತ್ತಾನೆ. ಮಗ ದಿನಕ್ಕೊಂದು ಗಂಟೆ ತಾನೇ ಕುಳಿತು ಲೆಕ್ಕ ಬಿಡಿಸುತ್ತಾನೆಯೇ ಎಂದು ವಿಚಾರಿಸಲು ಮಾತ್ರ ಪುರಸೊತ್ತಿಲ್ಲ. ಚೀಲ, ಬೂಟುಗಳೆಲ್ಲ ಬೆನ್ನು. ಆ ಒಂದು ಗಂಟೆಯೇ ಬಾಯಿ. ಬೆನ್ನು ಬೇಡವೆಂದಲ್ಲ, ಅದಿಲ್ಲದೆ ಅಲಗು ನಿಲ್ಲದು. ಆದರೆ ಅದು ಹಿತ್ತಾಳೆಯದಾದರೂ ಸಾಕು.

ಕೊನೆಗೊಂದು ಮಾತು. ಎಂಥ ಉತ್ತಮ ಉಕ್ಕಿನ ಕ್ಷೌರಕತ್ತಿಯಾದರೂ ಪ್ರತಿಸಲ ಬಳಸುವ ಮುನ್ನ ಅದನ್ನು ಚರ್ಮದ ಪಟ್ಟಿಯ ಮೇಲೆ ಹತ್ತಾರು ಬಾರಿ ಎಳೆಯಲೇಬೇಕು. ಈ ಒಂದು ವಿಷಯದಲ್ಲಿ ಮಾತ್ರ ಎರಡೂ ಪಕ್ಷದವರಿಗೆ ಭಿನ್ನಾಭಿಪ್ರಾಯವಿಲ್ಲ.