ಕೊಡದೇ ಉಳಿದ ಪ್ರಬಂಧ

ನಾನು ಇತಿಹಾಸದ ಮಾಸ್ತರ. ಮನೆ ಸೊಲ್ಲಾಪುರದಲ್ಲಿ, ನೌಕರಿ ಅಕ್ಕಲಕೋಟೆ ತಾಲ್ಲೂಕಿನ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ. ಹೋದ ವರ್ಷ ನಾನು ಫೇಲಾದ ವಿಷಯವೂ ಇತಿಹಾಸವೇ. ಯಾಕೆ ಫೇಲಾದಿರಿ ಎಂದು ಕೇಳಿದವರಿಗೆಲ್ಲ ಎರಡು ಕಾರಣ ಹೇಳಿದೆ: ಅಮೆರಿಕದ ಗಡಿಯಾರ ಮತ್ತು ಇಂಗ್ಲಿಷು. ಎರಡೂ ಸುಳ್ಳಲ್ಲ. ಆದರೆ ನನ್ನನ್ನು ಫೇಲು ಮಾಡಿದ್ದು ಅವೆರಡೂ ಅಲ್ಲ.

ತಂಗಿಯ ಮಗಳು ಟೆಕ್ಸಾಸ್‌ನಲ್ಲಿ ಓದುತ್ತಾಳೆ. ಅಲ್ಲಿನ ಸರಕಾರಿ ಕಾಲೇಜಿನಲ್ಲಿ ಪದವಿ ಬೇಕಿದ್ದರೆ, ಕಂಪ್ಯೂಟರ್ ಓದುವವರಿರಲಿ ನರ್ಸಿಂಗ್ ಓದುವವರಿರಲಿ, ಅಮೆರಿಕದ ಇತಿಹಾಸದಲ್ಲಿ 6 ಕ್ರೆಡಿಟ್ ಗಳಿಸಲೇಬೇಕೆಂದು ಆ ರಾಜ್ಯದ ಕಾಯಿದೆ ಇದೆ. ಸಾಮಾನ್ಯವಾಗಿ ಅದನ್ನು ಎರಡು ಭಾಗ ಮಾಡಿ ಕಲಿಸುತ್ತಾರೆ. ಮೂಲನಿವಾಸಿಗಳಿಂದ ಹಿಡಿದು 1877ರವರೆಗೆ ಒಂದು, ಅಲ್ಲಿಂದ ಈಚೆಗೆ ಇನ್ನೊಂದು. ಮೊದಲ ಭಾಗ ಅವಳಿಗೆ ತಲೆನೋವಾಗಿತ್ತು. "ಮಾಮಾ, ನೀವೂ ಆನ್‌ಲೈನ್ ಸೇರ್ಕೋರಿ. ಹೆಂಗೂ ಇತಿಹಾಸದ ಮಾಸ್ತರ್ ಅದೀರಿ, ನನಗ ಹೇಳಿಕೊಟ್ಟಂಗೂ ಆಗ್ತದ" ಅಂದಳು. ಅಮೆರಿಕದ ಸ್ವಾತಂತ್ರ್ಯ ಯುದ್ಧವನ್ನು ಪುಸ್ತಕ ತೆರೆಯದೆ ಪಾಠ ಮಾಡಿದವನು ನಾನು. ಅದೇನು ಮಹಾ ಅನ್ನಿಸಿತು. ಒಂದು ತಿಂಗಳ ಪಗಾರಕ್ಕಿಂತ ಹೆಚ್ಚು ಫೀ ಕಟ್ಟಿದೆ. ಮನೆಯಾಕಿಗೆ ನಿಜವಾದ ಮೊತ್ತ ಇವತ್ತಿಗೂ ಗೊತ್ತಿಲ್ಲ.

ಜನವರಿ ನಡುವೆ, ಸಿದ್ಧರಾಮೇಶ್ವರರ ಗಡ್ಡಾ ಜಾತ್ರೆಯ ಹೊತ್ತಿಗೆ ಪಾಠ ಶುರುವಾಯಿತು. ಹೊರಗೆ ಏಳು ನಂದಿಧ್ವಜಗಳ ಮೆರವಣಿಗೆ, ಒಳಗೆ ನಾನು 1607ರ ಜೇಮ್ಸ್‌ಟೌನ್ ಓದುತ್ತ ಕೂತಿದ್ದೆ. ವಾರದ ಬರಹ ಅಲ್ಲಿಯ ಭಾನುವಾರ ರಾತ್ರಿ 11:59ರೊಳಗೆ ಸೇರಬೇಕು, ಎಂದರೆ ನಮ್ಮ ಸೋಮವಾರ ಬೆಳಿಗ್ಗೆ 11:29. ಆ ಹೊತ್ತಿಗೆ ನಾನು ಶಾಲೆಯಲ್ಲಿರುತ್ತೇನೆ. ಸ್ಟಾಫ್ ರೂಮಿನಲ್ಲಿ ಮೊಬೈಲಿನಿಂದಲೇ ಕಳಿಸುತ್ತಿದ್ದೆ. ಮಾರ್ಚಿನ ಎರಡನೆಯ ಭಾನುವಾರ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿಕೊಳ್ಳುತ್ತಾರೆಂಬುದು ನನಗೇನು ಗೊತ್ತು? ಆ ಸೋಮವಾರ ಗಡುವು 10:29ಕ್ಕೇ ಮುಗಿದಿತ್ತು, ಮಧ್ಯಾವಧಿ ಪರೀಕ್ಷೆಯ ಒಂದು ಭಾಗ ಹೋಯಿತು. ಊರೆಲ್ಲ ಹೇಳಿಕೊಂಡು ತಿರುಗಿದ ಗಡಿಯಾರದ ಕಥೆ ಇಷ್ಟೇ.

ಬಾಸ್ಟನ್ ಚಹಾ ಪ್ರಕರಣದಲ್ಲಿ ಇನ್ನೊಂದು ಪೆಟ್ಟು ಬಿತ್ತು. 1773ರ ಡಿಸೆಂಬರ್ 16ರ ರಾತ್ರಿ ಈಸ್ಟ್ ಇಂಡಿಯಾ ಕಂಪನಿಯ 342 ಪೆಟ್ಟಿಗೆ ಚಹಾ ಸಮುದ್ರಕ್ಕೆ ಬಿತ್ತು ಎಂದು ಬರೆದು, ಅದು ನಮ್ಮ ದೇಶದ ಚಹಾ ಎಂದು ಹೆಮ್ಮೆಯಿಂದ ಸೇರಿಸಿದ್ದೆ. ಮಕ್ಕಳಿಗೂ ವರ್ಷಗಟ್ಟಲೆ ಹಾಗೇ ಹೇಳಿದ್ದೆ. ಅದು ಚೀನಾದ ಚಹಾ, ಅಸ್ಸಾಮಿನ ತೋಟಗಳು ಹುಟ್ಟಲು ಇನ್ನೂ ಅರ್ಧ ಶತಮಾನಕ್ಕೂ ಹೆಚ್ಚು ಕಾಲವಿತ್ತು ಎಂದು ಪ್ರಾಧ್ಯಾಪಕಿ ಬದಿಯಲ್ಲಿ ಬರೆದಿದ್ದರು. ನಾಚಿಕೆಯಾಯಿತು, ಆದರೆ ಅಂಥ ನಾಚಿಕೆ ಒಂದು ಕಪ್ ಚಹಾ ಮುಗಿಯುವಷ್ಟರಲ್ಲಿ ಇಳಿದುಹೋಗುತ್ತದೆ.

ಇಳಿಯದೇ ಉಳಿದದ್ದು ಒಂದು ಜಾಹೀರಾತಿನಿಂದ ಶುರುವಾಯಿತು. 1769ರ ಸೆಪ್ಟೆಂಬರಿನಲ್ಲಿ ವರ್ಜೀನಿಯಾ ಗೆಜೆಟ್ ಪತ್ರಿಕೆಯಲ್ಲಿ ಬಂದದ್ದು. ಸ್ಯಾಂಡಿ ಎಂಬ ಗುಲಾಮ ಓಡಿಹೋಗಿದ್ದಾನೆ. ವಯಸ್ಸು ಸುಮಾರು 35. ಗಿಡ್ಡ ಆಳು, ಮೈ ತುಂಬಿಕೊಂಡವನು. ಕಸುಬು ಚಮ್ಮಾರಿಕೆ, ಹೆಚ್ಚಾಗಿ ಎಡಗೈಯಲ್ಲಿ ಕೆಲಸ ಮಾಡುತ್ತಾನೆ. ಒರಟು ಬಡಿಗತನವೂ ಬರುತ್ತದೆ, ಕುದುರೆ ಓಡಿಸಬಲ್ಲ. ಕುಡುಕ, ಕುಡಿದಾಗ ಬಾಯಿ ಜೋರು. ಒಂದು ಬಿಳಿ ಕುದುರೆಯನ್ನೂ ತನ್ನ ಚಮ್ಮಾರಿಕೆಯ ಸಾಮಾನನ್ನೂ ಒಯ್ದಿದ್ದಾನೆ, ಆ ಕಸುಬಿನಲ್ಲೇ ಎಲ್ಲಾದರೂ ಕೆಲಸ ಹುಡುಕಬಹುದು. ಇದೇ ಕೌಂಟಿಯಲ್ಲಿ ಹಿಡಿದುಕೊಟ್ಟರೆ 40 ಶಿಲ್ಲಿಂಗ್, ವಸಾಹತಿನ ಬೇರೆಡೆ ಸಿಕ್ಕರೆ 4 ಪೌಂಡು, ಬೇರೆ ವಸಾಹತಿನಲ್ಲಿ ಸಿಕ್ಕರೆ 10 ಪೌಂಡು. ಕೆಳಗೆ ಹೆಸರು: ಥಾಮಸ್ ಜೆಫರ್ಸನ್. ಏಳು ವರ್ಷದ ಮೇಲೆ ಸ್ವಾತಂತ್ರ್ಯ ಘೋಷಣೆಯ ಕರಡು ಬರೆದ ಅದೇ ಮನುಷ್ಯ.

ಈ ಜಾಹೀರಾತನ್ನು ಓದಿ ಬರೆಯಿರಿ ಎಂಬುದು ಆ ವಾರದ ಪ್ರಶ್ನೆ. ಇಂಥ ಪ್ರಶ್ನೆಗೆ ಉತ್ತರ ಬರೆಯುವುದು ನನ್ನ ಎಡಗೈ ಕೆಲಸ ಅಂದುಕೊಂಡೆ. ಗುಲಾಮಗಿರಿಯ ಕ್ರೌರ್ಯ, ಜೆಫರ್ಸನ್ನನ ನುಡಿಗೂ ನಡೆಗೂ ಇದ್ದ ಅಂತರ, 1863ರ ವಿಮೋಚನಾ ಘೋಷಣೆ, 1865ರ ಹದಿಮೂರನೆಯ ತಿದ್ದುಪಡಿ ಎಂದು ಅಂಕಿ ಹಾಕಿ ಬರೆದೆ. ನಮ್ಮ ಬೋರ್ಡಿನ ಪರೀಕ್ಷೆಯಾಗಿದ್ದರೆ ಪೂರ್ತಿ ಅಂಕ. ಪ್ರಾಧ್ಯಾಪಕಿ ಹತ್ತಕ್ಕೆ ಮೂರು ಕೊಟ್ಟಿದ್ದರು. ನೀವು ಬರೆದದ್ದೆಲ್ಲ ನಿಜ, ಆದರೆ ಒಂದು ಮಾತೂ ಈ ಕಾಗದದಿಂದ ಬಂದದ್ದಲ್ಲ. ಬರೆದವನು ತಾನು ಹೇಳುತ್ತಿದ್ದೇನೆಂದು ತಿಳಿಯದೇ ಹೇಳಿಬಿಟ್ಟದ್ದೇನು, ನೋಡಿ, ಎಂದು ಬರೆದಿದ್ದರು.

ಅಕ್ಕಲಕೋಟೆಗೆ ಹೋಗುವ ಎಸ್‌ಟಿ ಬಸ್ಸಿನಲ್ಲಿ ಕೂತು ಮತ್ತೆ ಓದಿದೆ. ಓಡಿಹೋದವನು ಸಾಮಾನು ಕಟ್ಟಿಕೊಂಡು ಹೋಗಿದ್ದಾನೆ. ಹೆದರಿ ಓಡಿದವನಲ್ಲ, ನಾಳೆಯ ರೊಟ್ಟಿಯ ಲೆಕ್ಕ ಹಾಕಿ ಹೊರಟವನು. ದುಡಿದು ತಿನ್ನುವ ಕಸುಬು ಅವನ ಕೈಯಲ್ಲಿದೆ, ಧಣಿ ಇಲ್ಲದೆಯೂ ಬದುಕುತ್ತಾನೆ ಎಂದು ಧಣಿಗೇ ಗೊತ್ತಿದೆ. ದೂರ ಹೋದಷ್ಟೂ ಬಹುಮಾನ ಏರುತ್ತದೆ, ಎಂದರೆ ದೂರದ ಭಯ ಯಾರಿಗಿತ್ತು? ಬಾಯಿ ಜೋರು ಎಂದರೆ ಎದುರು ಮಾತಾಡುತ್ತಿದ್ದ. ಇಷ್ಟು ವರ್ಷ ಇತಿಹಾಸ ಕಲಿಸಿಯೂ ಒಂದು ಕಾಗದವನ್ನು ಹೀಗೆ ನಿಲ್ಲಿಸಿ ಕೇಳಿದವನಲ್ಲ ನಾನು. ತಿದ್ದಿ ಬರೆದು ಕಳಿಸಿದೆ. ಒಳ್ಳೆಯ ಅಂಕ ಬಂತು, ನನ್ನ ಮುರುಕು ಇಂಗ್ಲಿಷಿಗೇ ಬಂತು. ಭಾಷೆಯಿಂದ ಫೇಲಾದೆ ಎಂದು ನಾನು ಹೇಳುವಂತಿಲ್ಲ ಅನ್ನುವುದು ಇದಕ್ಕೇ.

ಮುಂದಿನ ವಾರದ ಚರ್ಚೆಗೆ ಕೊಟ್ಟ ಪ್ರಶ್ನೆ: ಜನರನ್ನು ಬರೆದಿಟ್ಟುಕೊಂಡು, ಓಡಿದರೆ ಹಿಡಿಯುವಂಥ ವ್ಯವಸ್ಥೆಯ ಕಾಗದ ನಿಮ್ಮ ಊರಿನಲ್ಲೂ ಇದೆಯೇ? ನಾನು ಉದ್ದಕ್ಕೆ ಬರೆದೆ. ನಮ್ಮಲ್ಲಿ ಜಾತಿಯ ಅನ್ಯಾಯವಿತ್ತು, ಆದರೆ ನನ್ನ ನಗರದಲ್ಲಿ ಅಂಥದ್ದು ಇರಲಿಲ್ಲ, ಸೊಲ್ಲಾಪುರ ದುಡಿಯುವವರ ಊರು ಎಂದೆ. 1877ರಲ್ಲಿ ಶುರುವಾದ ಜುನೀ ಮಿಲ್ಲಿನಿಂದ ಹಿಡಿದು, 1930ರ ಮಾರ್ಷಲ್ ಲಾ, 1931ರ ಜನವರಿ 12ರಂದು ಯರವಡೆಯಲ್ಲಿ ಗಲ್ಲಿಗೇರಿದ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಎಲ್ಲರನ್ನೂ ತಂದೆ. ಓದಿದವರು ಮೆಚ್ಚಿದರು. ಸಹಪಾಠಿಗಳಲ್ಲಿ ರಾತ್ರಿ ಪಾಳಿಯ ನರ್ಸ್ ಒಬ್ಬಳು ಮಾತ್ರ ಒಂದು ಸಾಲು ಕೇಳಿದಳು: ಆ ಮಿಲ್ಲುಗಳಲ್ಲಿ ಯಾರು ದುಡಿಯುತ್ತಿದ್ದರು, ಎಲ್ಲರೂ ತಾವಾಗಿ ಬಂದವರೇ?

ಅವಳಿಗೆ ಸೊಲ್ಲಾಪುರ ಭೂಪಟದಲ್ಲಿ ಎಲ್ಲಿದೆಯೆಂದೂ ಗೊತ್ತಿರಲಿಕ್ಕಿಲ್ಲ. ನನಗೆ ಉತ್ತರ ಗೊತ್ತಿತ್ತು. ಸೊಲ್ಲಾಪುರದಲ್ಲಿ ಹುಟ್ಟಿದ ಯಾರಿಗಾದರೂ ಗೊತ್ತು. ಸೆಟ್ಲ್‌ಮೆಂಟ್.

1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ತಂದರು. ಇಡೀ ಸಮುದಾಯಗಳನ್ನೇ ಹುಟ್ಟಾ ಅಪರಾಧಿಗಳೆಂದು ಪಟ್ಟಿ ಮಾಡುವ ಕಾಯಿದೆ. 1911ರಲ್ಲಿ ಅದು ನಮ್ಮ ಮುಂಬಯಿ ಪ್ರಾಂತಕ್ಕೂ ಬಂತು, 1924ರಲ್ಲಿ ಹೊಸದಾಗಿ ಬರೆಯಲ್ಪಟ್ಟಿತು. ಕೈಕಾಡಿ, ಪಾರಧಿ ಮುಂತಾದವರನ್ನು ಮುಳ್ಳುತಂತಿಯ ಬೇಲಿಯೊಳಗೆ ಇರಿಸಿದ ದೊಡ್ಡ ವಸತಿಗಳಲ್ಲೊಂದು ಸೊಲ್ಲಾಪುರದಲ್ಲಿತ್ತು. ಹಾಜರಿ ಕೊಡಬೇಕು, ಹೊರಗೆ ಹೋಗಲು ಪಾಸು ಬೇಕು, ದುಡಿಯಲು ಮಿಲ್ಲಿಗೆ ಹೋಗಬೇಕು. ನಮ್ಮ ಮುತ್ಯಾ ಮಿಲ್ಲಿನ ಕಾಮಗಾರ. ಪಾಳಿ ಬಿಡುವ ಭೋಂಗಾ ಆದ ಕೂಡಲೇ ಆ ಜನ ಯಾರ ಸಂಗಡವೂ ಮಾತಿಗೆ ನಿಲ್ಲದೆ ಹಾಜರಿಗೆ ಓಡುತ್ತಿದ್ದರು ಎಂದು ಹೇಳುತ್ತಿದ್ದ. ಅದನ್ನೊಂದು ತಮಾಷೆಯ ಮಾತೆಂದೇ ಹೇಳುತ್ತಿದ್ದ, ನಾವು ನಗುತ್ತಿದ್ದೆವು.

ಅಮೆರಿಕದ ಪಾಠ ಅಲ್ಲಿಗೂ ಬಂದು ಮುಟ್ಟುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದ ಧಾರ್ಮಿಕ ಜಾಗೃತಿಯ ಬಗ್ಗೆ ಒಂದು ಅಧ್ಯಾಯವಿತ್ತು. ಆ ಅಲೆಯಲ್ಲಿ 1810ರಲ್ಲಿ ಮ್ಯಾಸಚೂಸೆಟ್ಸ್‌ನ ಪ್ಯೂರಿಟನ್ ಪರಂಪರೆಯ ಚರ್ಚುಗಳು ಅಮೆರಿಕನ್ ಬೋರ್ಡ್ ಎಂಬ ಮಿಷನ್ ಸಂಸ್ಥೆ ಕಟ್ಟಿದವು. ಅದರ ಜನ 1813ರಲ್ಲಿ ಮುಂಬಯಿಗೆ ಬಂದರು, ಅಹಮದನಗರಕ್ಕೆ ಹೋದರು, ಆಮೇಲೆ ಸೊಲ್ಲಾಪುರಕ್ಕೆ. ಇಲ್ಲಿ ಶಾಲೆ ಕಟ್ಟಿದರು. ನಮ್ಮೂರಿನ ವೊರೊನೊಕೊ ಶಾಲೆ ಹೊತ್ತಿರುವುದು ಮ್ಯಾಸಚೂಸೆಟ್ಸ್‌ನ ವೆಸ್ಟ್‌ಫೀಲ್ಡಿಗೆ ಅಲ್ಲಿನ ಮೂಲನಿವಾಸಿಗಳಿಟ್ಟಿದ್ದ ಹೆಸರನ್ನು. ಕೆಲ ಕಾಲ ಸೆಟ್ಲ್‌ಮೆಂಟಿನ ಉಸ್ತುವಾರಿ ನೋಡಿಕೊಂಡದ್ದೂ ಇದೇ ಸಂಸ್ಥೆಯ ಅಮೆರಿಕನ್ ಮರಾಠಿ ಮಿಷನ್. ಇಷ್ಟು ಸಾಮಗ್ರಿ ಕಾಲಬುಡದಲ್ಲಿದ್ದವನು ಕೊನೆಯ ಪ್ರಬಂಧಕ್ಕೆ ವಿಷಯ ಹುಡುಕಬೇಕಾಗಿರಲಿಲ್ಲ. ನಿಮ್ಮೂರಿನ ಒಂದು ಕಾಗದವನ್ನು ಜೆಫರ್ಸನ್ನನ ಜಾಹೀರಾತಿನ ಪಕ್ಕ ಇಟ್ಟು ಓದಿ ಎಂಬುದೇ ಆ ಪ್ರಬಂಧದ ವಿಷಯ. 1924ರ ಕಾಯಿದೆ ಇಳಿಸಿಕೊಂಡೆ. ಬೆರಳಚ್ಚು ತೆಗೆದುಕೊಳ್ಳಬಹುದು. ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ ಬೇರೆ ಶಾಲೆಯಲ್ಲಿಡಬಹುದು. ಗೊತ್ತುಮಾಡಿದ ಎಲ್ಲೆಯ ಹೊರಗೆ ಕಂಡವನನ್ನು ಪೊಲೀಸನಷ್ಟೇ ಅಲ್ಲ, ಊರಿನ ಗೌಡ, ತಳವಾರರೂ ವಾರಂಟ್ ಇಲ್ಲದೆ ಹಿಡಿಯಬಹುದು. ಹಿಡಿಯುವ ಕಲಮು ಇದೆ ಎಂದರೆ ಓಡುವವರು ಇದ್ದರು. ಸ್ಯಾಂಡಿಯ ಸಾಮಾನಿನ ಗಂಟು ಓದಿದ ಮೇಲೆ ಇದನ್ನು ಓದುವುದು ಕಷ್ಟವಲ್ಲ.

ಆದರೂ ಬರೆಯಲಾಗಲಿಲ್ಲ. ಯಾಕೆಂದರೆ ಪ್ರಬಂಧದ ಕೊನೆಗೆ ಇನ್ನೊಂದು ಪ್ರಶ್ನೆಯಿತ್ತು: ಈ ವ್ಯವಸ್ಥೆ ಮುಗಿದ ಮೇಲೆ ಅದರಲ್ಲಿ ಏನು ಉಳಿಯಿತು?

1952ರ ಆಗಸ್ಟ್ 31ರಂದು ಕಾಯಿದೆ ರದ್ದಾಯಿತು. ಅದಾಗಿ ಎಷ್ಟೋ ವರ್ಷಕ್ಕೆ ನಾನು ಮಾಸ್ತರನಾದೆ. ಮೊದಲು ಕೆಲಸಕ್ಕಿದ್ದದ್ದು ಸೊಲ್ಲಾಪುರದ್ದೇ ಒಂದು ಶಾಲೆ. ತರಗತಿಯಲ್ಲಿ ಪ್ರವಾಸಕ್ಕೆಂದು ಕೂಡಿಸಿದ್ದ ಹಣ ಕಾಣೆಯಾಯಿತು. ಸೆಟ್ಲ್‌ಮೆಂಟ್ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗನಿದ್ದ. ಯಾರೂ ಅವನ ಹೆಸರು ಹೇಳಲಿಲ್ಲ. ನಾನೇ ನೆಟ್ಟಗೆ ಅವನ ಬೆಂಚಿಗೆ ಹೋಗಿ ಚೀಲ ಈಸಿಕೊಂಡು ಎಲ್ಲರೆದುರು ಸುರುವಿದೆ. ವಹಿ, ಒಂದು ಪಾಟಿ, ಅರಿವೆಯಲ್ಲಿ ಸುತ್ತಿದ ಭಾಕ್ರಿ. ಹಣ ಆಮೇಲೆ ನನ್ನದೇ ಮೇಜಿನ ಖಾನೆಯಲ್ಲಿ ಸಿಕ್ಕಿತು, ಹಾಜರಿ ಪುಸ್ತಕದ ಕೆಳಗೆ. ಸಿಕ್ಕಿತು ಎಂದು ತರಗತಿಗೆ ಹೇಳಿದೆ. ಅವನಿಗೆ ಬೇರೆ ಏನೂ ಹೇಳಲಿಲ್ಲ. ಕೆಲವು ದಿನ ಬಂದ, ಆಮೇಲೆ ಬರಲಿಲ್ಲ. ಅಂಥವರು ಶಾಲೆ ಬಿಡುವುದು ಮಾಮೂಲು ಎಂದು ನಾವು ಸ್ಟಾಫ್ ರೂಮಿನಲ್ಲಿ ಮಾತಾಡಿಕೊಂಡೆವು.

ಇದನ್ನು ಬಿಟ್ಟು ಬರೆದರೆ ಪ್ರಬಂಧ ಸುಳ್ಳಾಗುತ್ತಿತ್ತು. ಸೇರಿಸಿ ಬರೆಯಲು ಧೈರ್ಯ ಸಾಲಲಿಲ್ಲ, ಅದೂ ಚರ್ಚೆಯಲ್ಲಿ ನನ್ನೂರಿನಲ್ಲಿ ಅಂಥದ್ದೇನೂ ಇರಲಿಲ್ಲ ಎಂದು ಹೇಳಿ ಶಭಾಸ್ ಅನ್ನಿಸಿಕೊಂಡ ಮೇಲೆ. ಗಡುವಿನ ಸೋಮವಾರ ಯಾವ ಗಡಿಯಾರದ ಗೊಂದಲವೂ ಇರಲಿಲ್ಲ. ಸ್ಟಾಫ್ ರೂಮಿನಲ್ಲಿ ಮೊಬೈಲ್ ಎದುರಿಗಿಟ್ಟುಕೊಂಡು 10:29 ದಾಟುವುದನ್ನು ನೋಡಿದೆ. ಕೊನೆಯ ಪ್ರಬಂಧಕ್ಕೆ ಅಂಕ ಹೆಚ್ಚು, ಅದಿಲ್ಲದೆ ಪಾಸಾಗುವ ದಾರಿ ಇರಲಿಲ್ಲ. ಮೇ ತಿಂಗಳಲ್ಲಿ ನನ್ನ ಹೆಸರಿನ ಮುಂದೆ ಎಫ್ ಬಂತು. ತಂಗಿಯ ಮಗಳಿಗೆ ಬಿ. ನರ್ಸ್‌ಗೂ ನಾನು ಉತ್ತರ ಬರೆಯಲೇ ಇಲ್ಲ.

ದೀಪಾವಳಿ ರಜೆಯಲ್ಲಿ ಆ ಪ್ರಬಂಧವನ್ನು ಕನ್ನಡದಲ್ಲಿ ಬರೆದೆ, ಚೀಲ ಸುರುವಿದ್ದನ್ನೂ ಸೇರಿಸಿ. ಯಾರಿಗೂ ಒಪ್ಪಿಸಬೇಕಿರಲಿಲ್ಲ, ಅಂಕವಿರಲಿಲ್ಲ. ಹಾಗಿದ್ದಾಗ ಧೈರ್ಯ ಬರುವುದು ದೊಡ್ಡ ಮಾತೂ ಅಲ್ಲ. ತಂಗಿಯ ಮಗಳಿಗೆ ಕಳಿಸಿದೆ. ಅವಳಿಗೆ ಕನ್ನಡ ಓದಲು ಬರುತ್ತದೆ, ನಿಧಾನಕ್ಕೆ. ಎರಡು ಸಂಜೆ ಓದಿ ಫೋನು ಮಾಡಿದಳು. ಗಡಿಯಾರದ ನೆಪದ ಬಗ್ಗೆ ಏನೂ ಅನ್ನಲಿಲ್ಲ.

"ಮಾಮಾ, ಆ ಹುಡುಗನ ಹೆಸರು ಯಾಕ ಬರದಿಲ್ಲ? ಹೊರಗ ಗೊತ್ತಾಗಬಾರದಂತೇನು?"

ಅಲ್ಲ, ನನಗೆ ನೆನಪಿಲ್ಲ, ಅಂದೆ. ಅವಳು ಸ್ವಲ್ಪ ಸುಮ್ಮನಿದ್ದು, "ಜೆಫರ್ಸನ್ ಸೈತ ಹೆಸರು ಬರದಾನಲ್ರಿ" ಅಂದಳು.

ಆ ಶಾಲೆಗೆ ಹೋಗಿದ್ದೆ. ಈಗಿನ ಕ್ಲಾರ್ಕ್ ಚಿಕ್ಕ ವಯಸ್ಸಿನವರು, ಮರ್ಯಾದೆಯಿಂದ ಕೂಡಿಸಿ ಚಹಾ ತರಿಸಿದರು. ಅಷ್ಟು ಹಳೆಯ ಹಾಜರಿ ಪುಸ್ತಕ ಉಳಿದಿರಲಿಕ್ಕಿಲ್ಲ, ದಾಖಲಾತಿ ರಜಿಸ್ಟರ್ ಮಾತ್ರ ಇದ್ದೇ ಇರುತ್ತದೆ, ಅದನ್ನು ತೆಗೆದುಹಾಕುವಂತಿಲ್ಲ ಎಂದರು. ಶಾಲೆ ಬಿಟ್ಟ ಕಾರಣದ ಕಾಲಮೂ ಅದರಲ್ಲಿರುತ್ತದೆ, ಆ ಕಾಲಮನ್ನು ಕ್ಲಾಸ್ ಟೀಚರ್ ಹೇಳಿದಂತೆ ತುಂಬುತ್ತಿದ್ದರು. ಆಗಿನ ಕ್ಲಾಸ್ ಟೀಚರ್ ನಾನೇ. ಏನು ಹೇಳಿದ್ದೆನೋ. ಹಳೆಯ ಗಂಟುಗಳೆಲ್ಲ ಅಟ್ಟದ ಮೇಲಿವೆ, ಪರೀಕ್ಷೆ ಮುಗಿಯಲಿ, ಮೇ ರಜೆಯಲ್ಲಿ ಬನ್ನಿ ಸರ್, ಇಬ್ಬರೂ ಕೂಡಿ ಇಳಿಸೋಣ ಅಂದಿದ್ದಾರೆ.