ಹಳೆಯ ವಿಳಾಸಕ್ಕೆ ಬಂದವರು

ನೈರೋಬಿಯ ಮೋಯಿ ಅವೆನ್ಯೂವನ್ನು ನಮ್ಮ ಹಿರಿಯರಲ್ಲಿ ಕೆಲವರು ಇಂದಿಗೂ ಬಾಯಿತಪ್ಪಿ ಗವರ್ನಮೆಂಟ್ ರೋಡ್ ಎನ್ನುವುದುಂಟು. ಹೆಸರು ಬದಲಾದರೂ ರಸ್ತೆ ಅಲ್ಲಿಯೇ ಇರುವುದರಿಂದ ತೊಂದರೆಯಿಲ್ಲ. ಜಾಲತಾಣದ ಪುಟಕ್ಕೆ ಆ ಅದೃಷ್ಟವಿಲ್ಲ. ವಿಳಾಸ ಬದಲಾದರೆ, ಹಳೆಯ ಕೊಂಡಿಯನ್ನು ಹಿಡಿದು ಬಂದವರಿಗೆ ದಾರಿ ತೋರಿಸುವ ಹೊಣೆ ಬದಲಾಯಿಸಿದವನದೇ.

ಕಳೆದ ದೀಪಾವಳಿಯ ಸುಮಾರಿಗೆ ನಮ್ಮ ಸಂಘದ ತಾಣವನ್ನು ಹೊಸದಾಗಿ ಕಟ್ಟಿದಾಗ ನಾನು ಆ ಹೊಣೆಯನ್ನು ಹಗುರವಾಗಿ ಎಣಿಸಿದೆ. ಗುರುತು ಸಿಗದ ಹಳೆಯ ವಿಳಾಸಗಳನ್ನೆಲ್ಲ 301 ಎಂಬ ಸಂಕೇತದೊಡನೆ ಮುಖಪುಟಕ್ಕೆ ಕಳುಹಿಸಿ ಕೈತೊಳೆದುಕೊಂಡೆ. ಕೆಲವೇ ದಿನಗಳಲ್ಲಿ ಪಾರ್ಕ್‌ಲ್ಯಾಂಡ್ಸ್‌ನಿಂದ ಹಿರಿಯರೊಬ್ಬರ ಕರೆ ಬಂತು: "ಏನಪ್ಪಾ, ನಮ್ಮ ಮನೆಯವಳ ನೆನಪಿನ ಪುಟ ತೆಗೆದುಬಿಟ್ಟಿರಾ?" ಪ್ರತಿವರ್ಷ ಆಕೆಯ ತಿಥಿಯಂದು ಆ ಕೊಂಡಿಯನ್ನು ಶಿರಸಿಯ ಬಂಧುಗಳಿಗೆ ಕಳುಹಿಸುವುದು ಅವರ ಪದ್ಧತಿ.

ಆ ರಾತ್ರಿಯೇ ಸರಿಪಡಿಸಿದೆ. ಆದರೂ ಅವರ ಮೊಬೈಲು ಮುಖಪುಟವನ್ನೇ ತೋರಿಸುತ್ತಿತ್ತು. 301 ಎಂದರೆ ಶಾಶ್ವತ ಸ್ಥಳಾಂತರ. ಬ್ರೌಸರ್ ಅದನ್ನು ನೆನಪಿಟ್ಟುಕೊಂಡು, ಮರಳಿ ನಮ್ಮ ಸರ್ವರನ್ನು ಕೇಳುವ ಗೋಜಿಗೇ ಹೋಗದಿರಬಹುದು. ತಾತ್ಕಾಲಿಕವೆನ್ನುವ 302 ಆಗಿದ್ದರೆ, ಬೇರೆ ಸೂಚನೆ ಇಲ್ಲದಿದ್ದಲ್ಲಿ, ಪ್ರತಿಸಲವೂ ಕೇಳುತ್ತಿತ್ತು. ಅವರ ಮನೆಗೇ ಹೋಗಿ ಬ್ರೌಸರಿನ ನೆನಪನ್ನು ಅಳಿಸಿ ಬಂದೆ. ಶಿರಸಿಯ ಮೊಬೈಲುಗಳಿಗೆ ನನ್ನ ಕೈ ಎಲ್ಲಿ ಮುಟ್ಟೀತು? ಅವರಿಗೆಲ್ಲ ಹೊಸ ಕೊಂಡಿಯನ್ನೇ ಕಳುಹಿಸಬೇಕಾಯಿತು.

ತಪ್ಪು ಮೊದಲೇ ಏಕೆ ಕಾಣಲಿಲ್ಲ? ಎಲ್ಲಿಗೆ ಕಳುಹಿಸಬೇಕೆಂಬ ನಿರ್ಧಾರವನ್ನು ಕಳುಹಿಸುವ ಕೆಲಸದೊಡನೆ ಬೆರೆಸಿ ಹತ್ತಾರು ಕಡೆ ಬರೆದಿದ್ದೆ. ಪರೀಕ್ಷಿಸಬೇಕೆಂದರೆ ಇಡೀ ತಾಣವನ್ನೇ ನಡೆಸಬೇಕಿತ್ತು. ಈಗ ನಿರ್ಧಾರವೆಲ್ಲ ಒಂದು ಚಿಕ್ಕ ಫಂಕ್ಷನ್ನಿನಲ್ಲಿದೆ. ಹಳೆಯ ವಿಳಾಸ ಕೊಟ್ಟರೆ ಹೊಸ ವಿಳಾಸವನ್ನೂ ಸಂಕೇತವನ್ನೂ ಹೇಳುತ್ತದೆ, ಅಷ್ಟೆ. ಸರ್ವರಿನ ಸುದ್ದಿಯೇ ಅದಕ್ಕೆ ತಿಳಿಯದು. ಆದುದರಿಂದ ಪ್ರತಿಯೊಂದು ಹಳೆಯ ವಿಳಾಸವನ್ನೂ ಅದಕ್ಕೆ ಒಪ್ಪಿಸಿ ಉತ್ತರವನ್ನು ಕ್ಷಣದಲ್ಲಿ ತಾಳೆನೋಡಬಹುದು: ಹೊಸ ವಿಳಾಸವೇ ಮತ್ತೊಂದು ಹಳೆಯ ವಿಳಾಸವಾಗಿ ಗಾಣದೆತ್ತಿನಂತೆ ಸುತ್ತುತ್ತಿಲ್ಲವೆ, ತಿಳಿಯದ ವಿಳಾಸಕ್ಕೆ ಮುಖಪುಟದ ಬದಲು ಪ್ರಾಮಾಣಿಕವಾಗಿ 404 ಬರುತ್ತಿದೆಯೆ ಎಂದು. ಲಾಗಿನ್ ಆದವರನ್ನು ಮರಳಿಸುವ ವಿಳಾಸ ನಮ್ಮ ತಾಣದ ಒಳಗಿನದೇ ಎಂಬುದನ್ನೂ ಅಲ್ಲಿಯೇ ನೋಡುತ್ತೇನೆ; ಎರಡು ಓರೆಗೆರೆಗಳಿಂದ ಆರಂಭವಾಗುವ ವಿಳಾಸ ಒಳಗಿನದರಂತೆ ಕಂಡರೂ ಪರರ ತಾಣಕ್ಕೆ ಕರೆದೊಯ್ಯಬಲ್ಲದು. ಹೊಸ ನಿಯಮಗಳು ಮೊದಲು 302 ಆಗಿಯೇ ಇರುತ್ತವೆ. ತಿಂಗಳೊಂದು ಕಳೆದ ಮೇಲೆ 301.

ಪರೀಕ್ಷೆಯ ಕಡತದಲ್ಲಿ ಮೊದಲ ಸಾಲು ಆ ತಾಯಿಯ ಪುಟದ್ದು. ನಿಮ್ಮ ಹಳೆಯ ಮಿಂಚಂಚೆಗಳಲ್ಲಿ ಸಂಘದ ಕೊಂಡಿಗಳು ಉಳಿದಿದ್ದರೆ ದಯವಿಟ್ಟು ಒಮ್ಮೆ ಒತ್ತಿ ನೋಡಿ. ತೆರೆಯದಿದ್ದರೆ ನನಗೆ ಕಳುಹಿಸಿಕೊಡಿ.